ದೈತ್ಯ ಕಪ್ಪೆಚಿಪ್ಪು: ಮನೆಯ ಅಕ್ವೇರಿಯಂನಲ್ಲಿ ಸಾಕಬಹುದೇ?

ಸೊಲ್ಲಾಪುರ: ಗಾಜಿನ ತೊಟ್ಟಿಯಲ್ಲಿ ಗೋಲ್ಡ್‌ಫಿಶ್, ಗಪ್ಪಿ ಸಾಕುವ ಹವ್ಯಾಸ ಸೊಲ್ಲಾಪುರ, ಅಕ್ಕಲಕೋಟದ ಮನೆಗಳಿಗೆ ಹೊಸದಲ್ಲ. ಆ ಹವ್ಯಾಸ ಬೆಳೆದು ಸಮುದ್ರದ ನೀರಿನ ಅಕ್ವೇರಿಯಂ ಕಡೆಗೆ ಹೊರಳಿದವರಿಗೆ ನೀಲಿ, ಹಸಿರು ಬಣ್ಣದ ಜೈಂಟ್ ಕ್ಲ್ಯಾಮ್ ಮೇಲೆ ಮನಸ್ಸಾಗುವುದು ಸಹಜ. ಕನ್ನಡದಲ್ಲಿ ದೈತ್ಯ ಕಪ್ಪೆಚಿಪ್ಪು ಎನ್ನಬಹುದಾದ ಈ ಜೀವಿಯನ್ನು ಕೊಳ್ಳುವ ಮುನ್ನ ಕಾನೂನು ತಿಳಿದುಕೊಳ್ಳುವುದು ಅಗತ್ಯ.

ಭಾರತದ ಸಮುದ್ರದಲ್ಲಿ ಈ ಚಿಪ್ಪುಗಳು ಸಿಗುವುದು ಮುಖ್ಯವಾಗಿ ಲಕ್ಷದ್ವೀಪ ಹಾಗೂ ಅಂಡಮಾನ್-ನಿಕೋಬಾರ್‌ನ ಹವಳದ ದಿಬ್ಬಗಳಲ್ಲಿ. ಟ್ರೈಡಾಕ್ನಾ ಮ್ಯಾಕ್ಸಿಮಾ, ಟ್ರೈಡಾಕ್ನಾ ಸ್ಕ್ವಾಮೋಸಾ, ಹಿಪ್ಪೋಪಸ್ ಹಿಪ್ಪೋಪಸ್ ಎಂಬ 3 ಜಾತಿಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಸೊಲ್ಲಾಪುರದವರಿಗೆ ಅರ್ಥವಾಗುವಂತೆ ಹೇಳುವುದಾದರೆ, ನಾನ್ನಜ ಅಭಯಾರಣ್ಯದ ಮಾಳಢೋಕ ಹಕ್ಕಿಗೆ ಇರುವ ರಕ್ಷಣೆಯೇ ಈ ಚಿಪ್ಪಿಗೂ ಇದೆ. ಹಿಡಿಯುವುದು, ಮಾರುವುದು, ಕೊಳ್ಳುವುದು ಅಪರಾಧ. ಶಿಕ್ಷೆ 3ರಿಂದ 7 ವರ್ಷ ಜೈಲು. 2022ರ ತಿದ್ದುಪಡಿಯ ನಂತರ ದಂಡ ಕನಿಷ್ಠ 25,000 ರೂಪಾಯಿ. "ಅಂಗಡಿಯಲ್ಲಿ ಸಿಕ್ಕಿತು, ತಂದೆ" ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ವಿದೇಶದ ಸಾಕಣೆ ಕೇಂದ್ರದಲ್ಲಿ ಬೆಳೆದದ್ದಾದರೆ ಹೇಗೆ ಎಂಬ ಪ್ರಶ್ನೆ ಬರುತ್ತದೆ. ಪೆಸಿಫಿಕ್‌ನ ಪಲಾವ್ ದ್ವೀಪದಲ್ಲಿ ಇವುಗಳನ್ನು ಮರಿ ಮಾಡಿ ಬೆಳೆಸುವ ಕೆಲಸ ಹಲವು ದಶಕಗಳಿಂದ ನಡೆದಿದೆ, ನಿಜ. ಆದರೆ ಇಡೀ ದೈತ್ಯ ಚಿಪ್ಪಿನ ಕುಟುಂಬ 1985ರಿಂದ ಸೈಟಿಸ್ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ಪರವಾನಗಿ ಇಲ್ಲದೆ ಗಡಿ ದಾಟಿಸುವಂತಿಲ್ಲ. 2024ರ ನಿಯಮಗಳ ಪ್ರಕಾರ ಇಂಥ ಪಟ್ಟಿಯ ಜೀವಂತ ಪ್ರಾಣಿ ಇಟ್ಟುಕೊಂಡವರು ಪರಿವೇಶ್ ಜಾಲತಾಣದ ಮೂಲಕ ನೋಂದಣಿ ಮಾಡಿಸಬೇಕು. ಕಾಗದಪತ್ರ ತೋರಿಸಲಾರದ ಮಾರಾಟಗಾರನಿಂದ ದೂರ ಇರುವುದೇ ಲೇಸು.

ರಾಮೇಶ್ವರ, ಕನ್ಯಾಕುಮಾರಿ ಯಾತ್ರೆಗೆ ಹೋಗುವವರಿಗೂ ಒಂದು ಮಾತು. ಪೂಜೆಯ ಶಂಖ ಬೇರೆ, ದೈತ್ಯ ಚಿಪ್ಪು ಬೇರೆ. ಸತ್ತ ಪ್ರಾಣಿಯ ಖಾಲಿ ಚಿಪ್ಪನ್ನು ಶೋಕೇಸಿಗೆಂದು ಕೊಂಡು ತಂದರೂ ಇದೇ ಕಾಯ್ದೆ ಅನ್ವಯಿಸುತ್ತದೆ.

ಬೆಳಕೇ ಆಹಾರ

ಈ ಪ್ರಾಣಿ ಬದುಕುವ ರೀತಿ ವಿಚಿತ್ರ. ಚಿಪ್ಪಿನ ಬಾಯಲ್ಲಿ ಹರಡಿಕೊಳ್ಳುವ ಬಣ್ಣದ ಮಾಂಸಲ ಪದರಿನೊಳಗೆ ಕಣ್ಣಿಗೆ ಕಾಣದ ಪಾಚಿ ವಾಸಿಸುತ್ತದೆ. ಪಾಚಿ ಬೆಳಕಿನಿಂದ ಸಕ್ಕರೆ ತಯಾರಿಸುತ್ತದೆ, ಚಿಪ್ಪು ಅದನ್ನೇ ಉಣ್ಣುತ್ತದೆ. ಜೊತೆಗೆ ನೀರನ್ನು ಸೋಸಿ ಸೂಕ್ಷ್ಮ ಜೀವಿಗಳನ್ನೂ ತಿನ್ನುತ್ತದೆ. ಎಲ್ಲಕ್ಕಿಂತ ದೊಡ್ಡ ಜಾತಿಯಾದ ಟ್ರೈಡಾಕ್ನಾ ಗೈಗಾಸ್ 1 ಮೀಟರಿಗೂ ಹೆಚ್ಚು ಅಗಲ, 200 ಕಿಲೋಗೂ ಹೆಚ್ಚು ತೂಕ ಬೆಳೆಯಬಲ್ಲದು. ಮುಳುಗುವವರ ಕಾಲನ್ನು ಕಚ್ಚಿ ಹಿಡಿದು ಕೊಲ್ಲುತ್ತದೆ ಎಂಬುದು ಕಟ್ಟುಕಥೆ.

ಸಾಕಲು ಅನುಮತಿ ಇರುವ ದೇಶಗಳಲ್ಲಿ ಹವ್ಯಾಸಿಗಳು ಪಾಲಿಸುವ ಲೆಕ್ಕ ಹೀಗಿದೆ: ನೀರಿನ ಉಷ್ಣತೆ 25ರಿಂದ 27 ಡಿಗ್ರಿ, ಲೀಟರಿಗೆ ಸುಮಾರು 35 ಗ್ರಾಂ ಲವಣ, ಕ್ಯಾಲ್ಸಿಯಂ ಲೀಟರಿಗೆ 400ರಿಂದ 450 ಮಿಲಿಗ್ರಾಂ, ದಿನಕ್ಕೆ ಹಲವು ಗಂಟೆ ಪ್ರಖರ ಬೆಳಕು. ಅಡಿಗೆ ಉಪ್ಪು ಕರಗಿಸಿದರೆ ಸಮುದ್ರದ ನೀರಾಗುವುದಿಲ್ಲ; ಅದಕ್ಕೆಂದೇ ತಯಾರಾದ ಲವಣ ಮಿಶ್ರಣ ಬೇಕು. ಚಿಪ್ಪು ಬೆಳೆದಂತೆ ನೀರಿನ ಕ್ಯಾಲ್ಸಿಯಂ ಕಡಿಮೆಯಾಗುತ್ತ ಹೋಗುವುದರಿಂದ ಮತ್ತೆ ಮತ್ತೆ ಪರೀಕ್ಷಿಸಿ ತುಂಬಬೇಕಾಗುತ್ತದೆ. ನಮ್ಮ ಬೋರಿನ ನೀರು ಹೇಗೂ ಗಡುಸು, ಅದನ್ನೇ ಹಾಕಿದರಾಯಿತು ಎಂದು ತಿಳಿಯುವುದು ತಪ್ಪು. ಬೋರಿನ ನೀರಿನಲ್ಲಿ ನೈಟ್ರೇಟ್ ಮತ್ತಿತರ ಲವಣಗಳೂ ಇರುತ್ತವೆ. ತೊಟ್ಟಿಯ ಲೆಕ್ಕವೆಲ್ಲ ಅದರಿಂದ ಕೆಡುತ್ತದೆ.

ಸೊಲ್ಲಾಪುರದ ಬೇಸಿಗೆ

ಮೇ ತಿಂಗಳಲ್ಲಿ ಇಲ್ಲಿ ಪಾದರಸ 42 ಡಿಗ್ರಿ ದಾಟುವುದು ಮಾಮೂಲು. ಮನೆಯೊಳಗೆ 35 ಡಿಗ್ರಿ ಇದ್ದರೆ ತೊಟ್ಟಿಯ ನೀರೂ ಅದೇ ಹಾದಿ ಹಿಡಿಯುತ್ತದೆ. ನೀರಿನ ಮೇಲೆ ಫ್ಯಾನ್ ಬೀಸಿದರೆ ನಮ್ಮ ಒಣ ಹವೆಯಲ್ಲಿ 2-3 ಡಿಗ್ರಿ ಇಳಿಯಬಹುದು, ಅಷ್ಟು ಸಾಲದು. ನೀರು ತಣಿಸುವ ಚಿಲ್ಲರ್ ಯಂತ್ರ ಬೇಕೇ ಬೇಕು. ಕರೆಂಟು ಹೋದರೆ ಮನೆಯ ಸಾಧಾರಣ ಇನ್ವರ್ಟರ್ ಪಂಪನ್ನು ನಡೆಸೀತು, ಚಿಲ್ಲರನ್ನು ಹೆಚ್ಚು ಹೊತ್ತು ನಡೆಸದು.

ನೀರಿನ ಲೆಕ್ಕವೂ ಸಣ್ಣದಲ್ಲ. ತೊಟ್ಟಿಯಿಂದ ಆವಿಯಾಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಆದ್ದರಿಂದ ದಿನವೂ ಆರ್‌ಓ ಸಿಹಿನೀರು ಸುರಿಯಬೇಕು. ಮನೆಯ ಆರ್‌ಓ ಯಂತ್ರ 1 ಲೀಟರ್ ಶುದ್ಧ ನೀರಿಗೆ 2-3 ಲೀಟರ್ ಹೊರಚೆಲ್ಲುತ್ತದೆ. ಉಜನಿ ಜಲಾಶಯವನ್ನು ನಂಬಿ, ವರ್ಷಗಟ್ಟಲೆ ಕೆಲವು ದಿನಗಳಿಗೊಮ್ಮೆ ನಳದ ನೀರು ಕಂಡ ಊರಿನಲ್ಲಿ ಇದು ಯೋಚಿಸಬೇಕಾದ ಸಂಗತಿ.

ಬದಲಿಗೆ ಏನು ಸಾಕಬಹುದು?

ಸಮುದ್ರದ ಅಕ್ವೇರಿಯಂ ಬೇಕೇ ಬೇಕು ಎನ್ನುವವರಿಗೆ ಸಾಕಣೆಯಲ್ಲಿ ಹುಟ್ಟಿದ ಕ್ಲೌನ್‌ಫಿಶ್ ಒಳ್ಳೆಯ ಆಯ್ಕೆ. ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಇದರ ಮರಿ ಉತ್ಪಾದನೆಯ ವಿಧಾನವನ್ನು ಸಿದ್ಧಪಡಿಸಿದೆ. ಅಲಂಕಾರಕ್ಕೆ ಸೆರಾಮಿಕ್ ಕಲ್ಲು ಸಾಕು. ಹವಳ ಮತ್ತು ಕಡಲಕುದುರೆ ಕೂಡ ಮೊದಲನೆಯ ಅನುಸೂಚಿಯಲ್ಲಿವೆ ಎಂಬುದು ನೆನಪಿರಲಿ. ಕ್ಲೌನ್‌ಫಿಶ್‌ಗೂ ಬೇಸಿಗೆಯಲ್ಲಿ ತಂಪು ನೀರು ಬೇಕು, ಆದರೆ ಚಿಪ್ಪಿನಷ್ಟು ಬೆಳಕು, ಕ್ಯಾಲ್ಸಿಯಂ ಬೇಡ.

ಕೆರೆ, ಹೊಳೆಯ ಸಿಂಪಿಯನ್ನು ಆರಿಸಿ ತಂದು ಸಿಹಿನೀರಿನ ತೊಟ್ಟಿಗೆ ಹಾಕುವವರೂ ಉಂಟು. ಅದರೊಳಗೆ ಪಾಚಿ ಇರುವುದಿಲ್ಲ, ನೀರಲ್ಲಿ ತೇಲುವ ಆಹಾರವೇ ಗತಿ. ಫಿಲ್ಟರ್ ಹಾಕಿ ತಿಳಿಯಾಗಿಸಿದ ನೀರಿನಲ್ಲಿ ಅದು ತಿಂಗಳುಗಟ್ಟಲೆ ಉಪವಾಸ ಬಿದ್ದು ಸಾಯುತ್ತದೆ. ಮರಳಿನಡಿ ಸತ್ತದ್ದು ಗೊತ್ತಾಗುವಷ್ಟರಲ್ಲಿ ನೀರು ಕೊಳೆತು ಮೀನುಗಳೂ ಹೋಗಿರುತ್ತವೆ. ಸಿಂಪಿ ಸಾಕುವುದಾದರೆ ಅಂಗಳದ ಹಳೆಯ ಹಸಿರು ನೀರಿನ ತೊಟ್ಟಿಯೇ ವಾಸಿ.

ಈಗಾಗಲೇ ಮನೆಯಲ್ಲಿ ದೈತ್ಯ ಚಿಪ್ಪು ಇದ್ದವರು ಅದನ್ನು ಮತ್ತೊಬ್ಬರಿಗೆ ಮಾರುವುದಾಗಲಿ, ಕೆರೆಗೆ ಬಿಡುವುದಾಗಲಿ ಮಾಡದೆ ಅರಣ್ಯ ಇಲಾಖೆಯ ಹತ್ತಿರದ ಕಚೇರಿಗೆ ತಿಳಿಸಬೇಕು. ಸಿಹಿನೀರಿನಲ್ಲಿ ಅದು ಬದುಕುವುದಿಲ್ಲ.