ಜೀಪು ಟಕ್ ಎಂದರೆ

ನಮ್ಮ ಕಳಲೆಯನ್ನು ಚರಿತ್ರೆಯ ಪುಸ್ತಕಗಳು ದಳವಾಯಿಗಳ ಊರೆಂದು ನೆನೆಯುತ್ತವೆ. ಹದಿನೆಂಟನೆಯ ಶತಮಾನದಲ್ಲಿ ಮೈಸೂರಿನ ಅಧಿಕಾರವನ್ನೆಲ್ಲ ಕೈಯಲ್ಲಿ ಹಿಡಿದಿದ್ದ ದೇವರಾಜಯ್ಯ, ನಂಜರಾಜಯ್ಯ ಸೋದರರು ಈ ಮನೆತನದವರು. ಅವರ ಕಥೆಯನ್ನು ತರಗತಿಯಲ್ಲಿ ವರ್ಷವರ್ಷವೂ ಹೇಳುತ್ತೇನೆ. ಅವರ ಕಾಲದಲ್ಲಿ ಸಾಮಾನು ಹೊತ್ತ ಎತ್ತಿನ ಗಾಡಿಯ ಅಚ್ಚಿಗೂ ಒಂದು ಚರಿತ್ರೆ ಇದೆ, ಅದನ್ನು ಮಾತ್ರ ಯಾರೂ ಕೇಳುವುದಿಲ್ಲ. ಹೆಂಗಸರಿಗೇಕಮ್ಮ ಈ ಗ್ರೀಸಿನ ವಿಷಯ ಎನ್ನಬೇಡಿ. ನೋವು ತಿನ್ನುತ್ತಿರುವ ಸೊಸೆಯನ್ನು ನಡುರಾತ್ರಿ ನಂಜನಗೂಡಿನ ಆಸ್ಪತ್ರೆಗೆ ಒಯ್ಯುವ ಜೀಪು ದಾರಿಯಲ್ಲಿ ನಿಂತರೆ ಒದ್ದಾಡುವವರು ನಾವೇ ತಾನೆ?

ಎತ್ತಿನ ಗಾಡಿಯ ಚಕ್ರಗಳನ್ನು ಗಮನಿಸಿದ್ದೀರಾ? ಅಚ್ಚು ತಿರುಗುವುದಿಲ್ಲ, ಕಡಾಣಿಯ ಆಸರೆಯಲ್ಲಿ ಎರಡು ಚಕ್ರಗಳೂ ತಮ್ಮ ಪಾಡಿಗೆ ತಾವು ತಿರುಗುತ್ತವೆ. ತಿರುವಿನಲ್ಲಿ ಹೊರಗಿನ ಚಕ್ರಕ್ಕೆ ದೂರ ಹೆಚ್ಚು, ಒಳಗಿನದಕ್ಕೆ ಕಡಿಮೆ. ಎಳೆಯುವವು ಎತ್ತುಗಳಾದ್ದರಿಂದ ಜಗಳವಿಲ್ಲ. ಎಂಜಿನ್ ಬಂದು ಚಕ್ರಗಳನ್ನೇ ತಿರುಗಿಸಬೇಕಾದಾಗ ಪೇಚಿಗಿಟ್ಟುಕೊಂಡಿತು. 1828ರಲ್ಲಿ ಫ್ರಾನ್ಸಿನ ಪೆಕ್ಯೂರ್ ಎಂಬಾತ ಉಗಿಗಾಡಿಗೆಂದು ಡಿಫರೆನ್ಷಿಯಲ್ ಎಂಬ ಹಲ್ಲುಗಾಲಿಗಳ ಜೋಡಣೆಗೆ ಪೇಟೆಂಟ್ ಪಡೆದ. ನನಗೆ ಇಷ್ಟವಾದವನು ಮಾತ್ರ ಇಂಗ್ಲೆಂಡಿನ ಕವೆಂಟ್ರಿಯ ಜೇಮ್ಸ್ ಸ್ಟಾರ್ಲಿ. ಮೊದಲು ಹೊಲಿಗೆ ಯಂತ್ರ ಮಾಡುತ್ತಿದ್ದವನು! ಮಗನ ಪಕ್ಕ ಕೂತು ಜೋಡಿ ಪೆಡಲಿನ ಗಾಡಿ ತುಳಿಯುವಾಗ ಮಗನ ಕಾಲಿನ ಬಲ ಹೆಚ್ಚಾಗಿ ಗಾಡಿ ಒಂದು ಕಡೆಗೇ ಎಳೆದು, ಆತ ತುರಿಕೆ ಗಿಡಗಳ ಮೇಲೆ ಬಿದ್ದನಂತೆ. 1877ರಲ್ಲಿ ಅವನೂ ಡಿಫರೆನ್ಷಿಯಲ್ ಮಾಡಿದ.

ಇದರಲ್ಲಿ ಒಂದು ದೋಷವುಂಟು. ಒಂದು ಚಕ್ರ ಕೆಸರಿನಲ್ಲಿ ಜಾರಿತೆಂದರೆ ಅದು ಬರಿದೇ ಗಿರಗಿರನೆ ಸುತ್ತುತ್ತದೆ, ಗಟ್ಟಿ ನೆಲದ ಚಕ್ರ ಸುಮ್ಮನೆ ನಿಲ್ಲುತ್ತದೆ. ಕಬಿನಿ ನೀರಿನ ಗದ್ದೆಗಳಲ್ಲಿ, ನಂಜನಗೂಡಿನಿಂದ ತಿ. ನರಸೀಪುರದವರೆಗೆ, ಟ್ರ್ಯಾಕ್ಟರ್ ಓಡಿಸುವವರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಟ್ರ್ಯಾಕ್ಟರಿನಲ್ಲಿ ಕಾಲಿನಿಂದ ಒತ್ತುವ ಬೀಗವಿದೆ. ಒತ್ತಿದರೆ ಎರಡು ಚಕ್ರಗಳೂ ಒಂದಾಗುತ್ತವೆ. ತಿರುವಿಗೆ ಮುಂಚೆ ಬಿಡಬೇಕು, ಇಲ್ಲವಾದರೆ ಗಾಡಿ ನೆಟ್ಟಗೇ ನುಗ್ಗುತ್ತದೆ. 1941ರ ಯುದ್ಧದ ವಿಲ್ಲೀಸ್ ಜೀಪಿಗೆ ಈ ಬೀಗ ಇರಲಿಲ್ಲ. 1940ರ ದಶಕದ ಕೊನೆಗೆ ಅದನ್ನು ನಮ್ಮ ದೇಶಕ್ಕೆ ತಂದ ಮಹೀಂದ್ರ ಕಂಪನಿಯೇ 2020ರಲ್ಲಿ ಬಿಟ್ಟ ಹೊಸ ಥಾರ್‌ನ ಕೆಲವು ಮಾದರಿಗಳಲ್ಲಿ ಹಿಂದಿನ ಚಕ್ರಗಳಿಗೆ ತಾನಾಗಿಯೇ ಬೀಳುವ ಬೀಗವಿದೆ. ಒಂದು ಚಕ್ರ ಇನ್ನೊಂದಕ್ಕಿಂತ ಬಹಳ ವೇಗವಾಗಿ ಸುತ್ತಿದರೆ ಟಕ್ ಎಂದು ಹಿಡಿದುಕೊಳ್ಳುತ್ತದೆ. ಕೆಸರಿನಲ್ಲಿ ಆ ಸದ್ದು ಕೇಳಿ ಹೆದರಬೇಕಿಲ್ಲ. ಒಣಗಿದ ಡಾಂಬರು ರಸ್ತೆಯ ತಿರುವಿನಲ್ಲಿ ಟಕಟಕ ಎಂದು, ಟೈರು ಉಜ್ಜಿ ಕಿರುಗುಟ್ಟಿದರೆ ಬೀಗ ಬಿಟ್ಟಿಲ್ಲವೆಂದು ಅರ್ಥ. ಹಾಗೇ ಓಡಿಸಿದರೆ ಅಚ್ಚೇ ಮುರಿದೀತು.

ಹಳೆಯ ಜೀಪಿನ ಟಕ್ ಬೇರೆಯದು. ನಾನು ಹುಡುಗಿಯಾಗಿದ್ದಾಗ ಬಾಡಿಗೆ ಜೀಪುಗಳಲ್ಲಿ ಹದಿನೈದು ಜನ ಕೂರುತ್ತಿದ್ದೆವು. ಆಕ್ಸಿಲರೇಟರ್ ಬಿಟ್ಟು ಒತ್ತಿದಾಗ, ಇಲ್ಲವೇ ಹಿಂದಕ್ಕೆ ತೆಗೆದಾಗ, ಕಾಲಡಿಯಲ್ಲಿ ಒಮ್ಮೆ ಟಕ್. ಎಂಜಿನ್ನಿನ ಬಲವನ್ನು ಹಿಂದಕ್ಕೊಯ್ಯುವ ಉದ್ದನೆಯ ಶಾಫ್ಟಿನ ತುದಿಗಳಲ್ಲಿ ಶಿಲುಬೆಯಾಕಾರದ ಕೀಲಿರುತ್ತದೆ. ಮೆಕ್ಯಾನಿಕ್‌ಗಳು ಜಾಯಿಂಟ್ ಕ್ರಾಸ್ ಎನ್ನುತ್ತಾರೆ. 1903ರಲ್ಲಿ ಅಮೆರಿಕದ ಸ್ಪೈಸರ್ ಮೋಟಾರು ಗಾಡಿಗೆ ಒಗ್ಗಿಸಿ ಪೇಟೆಂಟ್ ಪಡೆದದ್ದು. ಗ್ರೀಸು ಒಣಗಿದರೆ ಅದು ಸವೆಯುತ್ತದೆ, ನಮ್ಮ ಗಾಡಿಗೆ ಕೀಲೆಣ್ಣೆ ಹಾಕದಿದ್ದ ಹಾಗೆ. ಮೊದಲು ಕೀಚುಕೀಚು, ಆಮೇಲೆ ಟಕ್. ಅಲಕ್ಷ್ಯ ಮಾಡಿದರೆ ಮುಂದಿನ ತುದಿ ಕಳಚಿ, ಶಾಫ್ಟು ನೆಲಕ್ಕೆ ಚುಚ್ಚಿಕೊಂಡು ಗಾಡಿಯನ್ನೇ ಮೇಲೆತ್ತಬಹುದು. ನಗುವ ಮಾತಲ್ಲ.

ರೋಗ ಕಂಡುಹಿಡಿಯುವುದು ಸುಲಭ. ಸಮನೆಲದಲ್ಲಿ ಎಂಜಿನ್ ನಿಲ್ಲಿಸಿ, ಗೇರು ಬಿಡಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಶಾಫ್ಟನ್ನು ಕೈಯಿಂದ ಆ ಕಡೆ ಈ ಕಡೆ ತಿರುವುತ್ತಾರೆ. ಕ್ರಾಸ್ ಅಲುಗಿದರೆ ದೋಷ ಅಲ್ಲೇ, ಕಡಿಮೆ ಖರ್ಚು. ಕ್ರಾಸ್ ಬಿಗಿಯಾಗಿದ್ದೂ ಶಾಫ್ಟು ಬಹಳ ದೂರ ತಿರುಗಿದ ಮೇಲೆಯೇ ಒಳಗೆ ಟಕ್ ಎಂದರೆ ಡಿಫರೆನ್ಷಿಯಲಿನ ಹಲ್ಲುಗಳು ಸಡಿಲ. ಆಗ ಅದರ ಎಣ್ಣೆ ಇಳಿಸಿ ಬೆರಳಿಗೆ ಸವರಿ ನೋಡಬೇಕು. ನುಣ್ಣನೆಯ ಬೂದುಹಿಟ್ಟು ಸಹಜ ಸವೆತ. ಉಗುರಿಗೆ ತಾಗುವಂಥ ಉಕ್ಕಿನ ಚೂರು ಸಿಕ್ಕಿದರೆ ಹಲ್ಲು ಮುರಿದಿದೆ, ಆ ಜೀಪನ್ನು ಅಂದಿನ ಮಟ್ಟಿಗೆ ಹೊರಡಿಸಬಾರದು.