ಬಿಸಿಲಿಲ್ಲದ ಹಡಗಿನ ಪಾಠ

ಮಲೆನಾಡಿನಲ್ಲಿ ಬೆಳೆದವರಿಗೆ ಇದು ಗೊತ್ತು. ಆಷಾಢದ ಜಡಿಮಳೆ ವಾರಗಟ್ಟಲೆ ಹಿಡಿದಾಗ ಪುಸ್ತಕ ತೆರೆಯಲು ಮನಸ್ಸಿಲ್ಲ, ಕಂಬಳಿ ಸರಿಸಿ ಏಳಲೂ ಮನಸ್ಸಿಲ್ಲ. ಒಂದು ಬೆಳಿಗ್ಗೆ ಮೋಡ ಸರಿದು ಬಿಸಿಲು ಬಿದ್ದರೆ ಮೈಮನವೆರಡೂ ಹಗುರವಾಗುತ್ತವೆ. ಹವೆಗೂ ಮನಸ್ಸಿಗೂ ನಂಟಿದೆ ಎಂಬುದು ಹಳೆಯ ಅನುಭವ. ಆದರೆ ಇದನ್ನು ಸೋಮಾರಿತನವೆಂದು ಜರೆಯದೆ, ಪರೀಕ್ಷಿಸಿ ನೋಡಬೇಕಾದ ವಿಷಯವೆಂದು ತಿಳಿದವರು ಯಾರು? ಆ ಕಥೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ಹಿಮದಲ್ಲಿ ಸಿಕ್ಕಿಬಿದ್ದ ಹಡಗೊಂದರಲ್ಲಿ.

1897ರ ಆಗಸ್ಟ್‌ನಲ್ಲಿ ಬೆಲ್ಜಿಯಂನ ಆಂಟ್‌ವರ್ಪ್ ಬಂದರಿನಿಂದ 'ಬೆಲ್ಜಿಕಾ' ಎಂಬ ಹಡಗು ಅಂಟಾರ್ಕ್ಟಿಕಾ ಕಡೆಗೆ ಹೊರಟಿತು. ದ ಗೆರ್ಲಾಶ್ ಅದರ ನಾಯಕ. ಮುಂದೆ 1911ರಲ್ಲಿ ದಕ್ಷಿಣ ಧ್ರುವವನ್ನು ಮೊದಲು ಮುಟ್ಟಿದ ತಂಡದ ನಾಯಕ ಅಮುಂಡ್ಸೆನ್ ಆಗ ಅಲ್ಲಿ ಕಿರಿಯ ಅಧಿಕಾರಿ. ಅಮೆರಿಕದ ಫ್ರೆಡರಿಕ್ ಕುಕ್ ಹಡಗಿನ ವೈದ್ಯ. 1898ರ ಮಾರ್ಚ್ ಹೊತ್ತಿಗೆ ಬೆಲಿಂಗ್ಸ್‌ಹೌಸನ್ ಸಮುದ್ರದಲ್ಲಿ ಹಡಗಿನ ಸುತ್ತ ಹಿಮ ಬಿಗಿಯಿತು. ಬಿಡುಗಡೆ ದೊರೆತದ್ದು ಸುಮಾರು ಒಂದು ವರ್ಷದ ಮೇಲೆ.

ಮೇ ತಿಂಗಳ ಮಧ್ಯದಲ್ಲಿ ಮುಳುಗಿದ ಸೂರ್ಯ ಜುಲೈ ಕೊನೆಯ ಭಾಗದವರೆಗೆ ಮತ್ತೆ ಮೂಡಲಿಲ್ಲ. ಜನರ ಮುಖ ಬಿಳಿಚಿಕೊಂಡಿತು, ಹೃದಯದ ಬಡಿತ ತಪ್ಪತೊಡಗಿತು, ಊಟ ನಿದ್ರೆಗಳು ಕೆಟ್ಟವು. ಮಾತು ಕಡಿಮೆಯಾಯಿತು. ಹೃದಯದ ತೊಂದರೆಯಿದ್ದ ವಿಜ್ಞಾನಿ ಎಮಿಲ್ ಡಾಂಕೊ ಜೂನ್‌ನಲ್ಲಿ ತೀರಿಕೊಂಡರು. ನಾವಿಕನೊಬ್ಬನಿಗೆ ಬುದ್ಧಿಭ್ರಮಣೆಯಾಯಿತು.

ಕುಕ್ ಇವರನ್ನು ಹೇಡಿಗಳೆನ್ನಲಿಲ್ಲ. ಅವರು ಇದಕ್ಕೆ ಮೊದಲು, 1891-92ರಲ್ಲಿ, ಗ್ರೀನ್‌ಲ್ಯಾಂಡಿನ ದೀರ್ಘ ರಾತ್ರಿಯನ್ನು ಕಂಡಿದ್ದವರು. ಬೆಳಕಿನ ಅಭಾವವೇ ಕಾಯಿಲೆಯ ಒಂದು ಮೂಲವೆಂದು ಅವರು ಊಹಿಸಿದರು. ರೋಗಿಗಳನ್ನು ದಿನವೂ ಬೆಂಕಿಯ ಮುಂದೆ ಮೈತೆರೆದು ಕೂರಿಸಿದರು. ಹಿಮದ ಮೇಲೆ ನಡೆಸಿದರು. ಪೆಂಗ್ವಿನ್ ಮತ್ತು ಸೀಲ್‌ಗಳ ತಾಜಾ ಮಾಂಸವನ್ನು ಒತ್ತಾಯಿಸಿ ತಿನ್ನಿಸಿದರು. ಅನೇಕರು ಚೇತರಿಸಿಕೊಂಡರು.

ಇಲ್ಲಿ ಇತಿಹಾಸದ ವಿದ್ಯಾರ್ಥಿ ಒಂದು ಪ್ರಶ್ನೆ ಕೇಳಬೇಕು. ಗುಣ ಕೊಟ್ಟದ್ದು ಬೆಳಕೋ, ಬಿಸಿಯೋ, ಮಾಂಸವೋ? ಅವರಿಗೆ ಸ್ಕರ್ವಿ ರೋಗವೂ ತಗುಲಿತ್ತು. ತಾಜಾ ಮಾಂಸದಲ್ಲಿ ಅದಕ್ಕೆ ಮದ್ದಾದ ವಿಟಮಿನ್ 'ಸಿ' ಇತ್ತು. ಆ ವಿಟಮಿನ್ ಆಗಿನ್ನೂ ಪತ್ತೆಯಾಗಿರಲಿಲ್ಲ. ಬೆಂಕಿಯ ಬೆಳಕಾದರೋ ಹಗಲಿನ ಬೆಳಕಿಗೆ ಹೋಲಿಸಿದರೆ ತೀರ ಮಂದ. ಆದ್ದರಿಂದ ಕುಕ್ ಬೆಳಕಿನ ಚಿಕಿತ್ಸೆಯನ್ನು ರುಜುವಾತು ಮಾಡಿದರೆನ್ನಲಾಗದು. ಅವರು ಸರಿಯಾದ ಪ್ರಶ್ನೆಯನ್ನು ಎತ್ತಿದರು, ಅಷ್ಟೆ.

ಉತ್ತರಕ್ಕೆ ಸುಮಾರು ಎಂಬತ್ತು ವರ್ಷ ಕಾಯಬೇಕಾಯಿತು. ಪ್ರಖರ ಬೆಳಕು ಮನುಷ್ಯರಲ್ಲಿ ರಾತ್ರಿ ಸ್ರವಿಸುವ ಮೆಲಟೋನಿನ್ ಎಂಬ ಹಾರ್ಮೋನನ್ನು ತಗ್ಗಿಸುತ್ತದೆಂದು ಆಲ್ಫ್ರೆಡ್ ಲೂಯಿ ಮತ್ತು ಸಂಗಡಿಗರು 1980ರಲ್ಲಿ ತೋರಿಸಿದರು. ಬಿಸಿಲಿನ ನಾಡಾದ ದಕ್ಷಿಣ ಆಫ್ರಿಕದಿಂದ ಅಮೆರಿಕಕ್ಕೆ ಬಂದಿದ್ದ ನಾರ್ಮನ್ ರೋಸೆಂತಾಲ್ ಅಲ್ಲಿನ ಚಳಿಗಾಲದಲ್ಲಿ ತಮ್ಮ ಉತ್ಸಾಹವೇ ಕುಗ್ಗುವುದನ್ನು ಗಮನಿಸಿದ್ದ ವೈದ್ಯರು. 1984ರಲ್ಲಿ ಅವರೂ ಸಂಗಡಿಗರೂ ಈ ಸ್ಥಿತಿಯನ್ನು ವಿವರಿಸಿ, ಋತುಮಾನದ ಖಿನ್ನತೆಗೆ 'ಸೀಸನಲ್ ಅಫೆಕ್ಟಿವ್ ಡಿಸಾರ್ಡರ್' ಎಂಬ ಹೆಸರಿಟ್ಟು, ಪ್ರಖರ ದೀಪದ ಚಿಕಿತ್ಸೆಯ ಫಲವನ್ನು ವರದಿ ಮಾಡಿದರು. ನೋಡುವುದಕ್ಕಿಂತ ಹೆಚ್ಚಾಗಿ ಬೆಳಕನ್ನು ಅಳೆದು ದೇಹದ ಗಡಿಯಾರಕ್ಕೆ ತಿಳಿಸುವ ಜೀವಕೋಶಗಳು ಕಣ್ಣಿನಲ್ಲಿವೆಯೆಂದು 2002ರಲ್ಲಿ ಖಚಿತವಾಯಿತು.

ನಮ್ಮ ನಾಡಿಗೆ ಇದು ಎಷ್ಟು ಅನ್ವಯಿಸುತ್ತದೆ? ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಮಾತ್ರ. ನಾರ್ವೆಯ ಓಸ್ಲೊದಲ್ಲಿ ಹನ್ನೆರಡು ಗಂಟೆಗೂ ಮಿಕ್ಕು. ಆದ್ದರಿಂದ ಮಳೆಗಾಲದ ಮಂಕನ್ನೆಲ್ಲ ರೋಗವೆನ್ನಬೇಕಿಲ್ಲ. ಆದರೆ ಅಂಟಾರ್ಕ್ಟಿಕಾದ 'ಮೈತ್ರಿ' ಕೇಂದ್ರದಲ್ಲಿ ಚಳಿಗಾಲ ಕಳೆಯುವ ನಮ್ಮ ದೇಶದವರಿಗೆ ಸುಮಾರು ಎರಡು ತಿಂಗಳು ಸೂರ್ಯನಿಲ್ಲ. ಬೆಲ್ಜಿಕಾದ ರಾತ್ರಿ ಅವರಿಗೆ ದೂರದ ಕಥೆಯಲ್ಲ.

ಋತು ಬದಲಾದಾಗ ನಿಮ್ಮ ಗೆಳೆಯನೊಬ್ಬ ಮಂಕಾಗಿ ಕುಳಿತರೆ, ಕುಕ್ ಮಾಡಿದಂತೆ ಮೊದಲು ಕಾರಣ ಹುಡುಕಿ. ಕೈಹಿಡಿದು ಬಯಲಿಗೆ ಕರೆದೊಯ್ಯಿರಿ. ಮಂಕು ವಾರಗಟ್ಟಲೆ ಉಳಿದರೆ ವೈದ್ಯರ ಬಳಿ ಹೋಗಲು ಜೊತೆಯಾಗಿ. ದೂಷಿಸುವುದು ಸುಲಭ. ಆ ಹಡಗಿನಲ್ಲಿ ಜನರು ಚೇತರಿಸಿಕೊಂಡದ್ದು ದೂಷಣೆಯಿಂದಲ್ಲ.