ಅಂಗವೈಕಲ್ಯ: ಕನ್ನಡದ ಪದಬಳಕೆ

ಕುರುಡ, ಕುಂಟ, ಕಿವುಡ, ಮೂಗ, ಹೆಳವ ಇವು ಕನ್ನಡದ ಹಳೆಯ ಮಾತುಗಳು. ಎತ್ತಿನ ಮೇಲೆ ಕುಳಿತು ಮನೆಮನೆಗೆ ಬಂದು ವಂಶಾವಳಿ ಹೇಳುವ ಹೆಳವರಿಗೆ ಅದು ಸಮುದಾಯದ ಹೆಸರೇ ಆಯಿತು. ಉಳಿದವು ಬೈಗುಳಕ್ಕಿಳಿದವು, ಕುರುಡು ನಂಬಿಕೆ, ಕುಂಟು ನೆಪಗಳಲ್ಲೂ ಸೇರಿಕೊಂಡವು. ಒಂದೇ ಹೆಸರಿನ ನಾಲ್ವರಿದ್ದ ಹಳ್ಳಿಯಲ್ಲಿ ಗುರುತಿಗೆಂದು ಹೆಸರಿನ ಹಿಂದೆ ಕುಂಟನೋ ಮೆಳ್ಳನೋ ಅಂಟಿಕೊಳ್ಳುವುದುಂಟು. ಪದಕ್ಕಿಂತ ಹೆಚ್ಚು ಚುಚ್ಚುವುದು ಅದರ ಬೆನ್ನಿಗೆ ಬರುವ ಏಕವಚನ. ಓರಗೆಯ ಬೇರೆಯವರಿಗೆ 'ಬಂದರು' ಎನ್ನುವ ಬಾಯಿಯೇ ಇವರಿಗೆ 'ಬಂದ' ಎನ್ನುತ್ತದೆ.

ಮೈಸೂರಿನಲ್ಲಿ 1901ರಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಆರಂಭವಾಯಿತು. ಅಂಧ, ಮೂಕ, ಬಧಿರ ಮುಂತಾದ ಸಂಸ್ಕೃತ ಪದಗಳು ಶಾಲೆ, ಕಚೇರಿಗಳ ಭಾಷೆಯಲ್ಲಿ ಸಭ್ಯವೆನಿಸಿದವು. ಗದಗಿನಲ್ಲಿ ಇನ್ನೊಂದು ದಾರಿ ಕಂಡಿತು. ವೀರೇಶ್ವರ ಪುಣ್ಯಾಶ್ರಮದ ಅಂಧ ಗಾಯಕರಾದ ಪಂಚಾಕ್ಷರಿ ಮತ್ತು ಪುಟ್ಟರಾಜರನ್ನು ಜನ ಕರೆದದ್ದು ಕಣ್ಣಿನಿಂದಲ್ಲ, ಕಂಠದಿಂದ: ಗವಾಯಿಗಳು.

ಕೇಂದ್ರದ 1995ರ ಕಾಯ್ದೆ 7 ಬಗೆಯ ಅಂಗವೈಕಲ್ಯ ಗುರುತಿಸಿತ್ತು. 2016ರ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿತು. 'ಬುದ್ಧಿಮಾಂದ್ಯ'ದ ಜಾಗಕ್ಕೆ 'ಬೌದ್ಧಿಕ ಅಂಗವೈಕಲ್ಯ' ಬಂತು. ಅಂಗವಿಕಲರನ್ನು ಸಾರ್ವಜನಿಕರ ಕಣ್ಣೆದುರು ಅವಮಾನಿಸಲೆಂದೇ ನಿಂದಿಸಿದರೆ 6 ತಿಂಗಳಿಂದ 5 ವರ್ಷದವರೆಗೆ ಸಜೆ ಎಂದು 92ನೇ ಕಲಮು ಹೇಳುತ್ತದೆ.

ರಾಜ್ಯದ ಇಲಾಖೆಯ ಹೆಸರಿನಲ್ಲಿರುವುದು 'ವಿಕಲಚೇತನ'. ಗೌರವಕ್ಕೆಂದು ತಂದ ಪದವಾದರೂ ಎಡವಟ್ಟಾಗಿದೆ: 'ಅಂಗವಿಕಲ' ಕೊರತೆಯನ್ನು ಅಂಗದಲ್ಲಿ ಕಂಡರೆ, ಇದು ಚೇತನಕ್ಕೇ ಅಂಟಿಸುತ್ತದೆ. ಪತ್ರಿಕೆಗಳು 'ವಿಶೇಷಚೇತನ'ದತ್ತ ಹೊರಳಿದ್ದಕ್ಕೆ ಇದೂ ಕಾರಣವಿರಬೇಕು. 2015ರ ಡಿಸೆಂಬರ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಸೂಚಿಸಿದ 'ದಿವ್ಯಾಂಗ' ಕೇಂದ್ರದ ಕಡತಗಳಿಗೆ ಬಂತು. ಬೇಕಾದದ್ದು ಇಳಿಜಾರು ಹಾದಿ, ದೈವತ್ವವಲ್ಲ ಎಂದು ಹಲವು ಹೋರಾಟಗಾರರು ಅದನ್ನು ಒಪ್ಪಲಿಲ್ಲ. ಸಂಜ್ಞಾಭಾಷೆಯಲ್ಲಿ ಮಾತಾಡುವವರಿಗೆ 'ಕಿವುಡ-ಮೂಗ' ಎನ್ನುವುದಂತೂ ಶುದ್ಧ ತಪ್ಪು, ಅವರಿಗೆ ಭಾಷೆಯಿದೆ. 'ಶ್ರವಣದೋಷ' ಬೇಡ, 'ಕಿವುಡರು' ಎನ್ನಿ ಸಾಕು ಎನ್ನುವವರೂ ಅವರಲ್ಲಿದ್ದಾರೆ.

ಸಿನಿಮಾವೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ, ಹೀಗಳೆಯುವ ಪದಗಳನ್ನೂ 'ನರಳುವ', 'ಬಲಿಪಶು' ಎಂಬ ಧಾಟಿಯನ್ನೂ ದೃಶ್ಯಮಾಧ್ಯಮಗಳು ಬಿಡಬೇಕೆಂದಿತು. ಮರುಕವೂ ಹೀನೈಸುತ್ತದೆ ಎಂಬುದು ಇಲ್ಲಿ ಮುಖ್ಯ. ಉದಾಹರಣೆಗೆ, ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನ ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದರು. ಆ ಕೂಟದಲ್ಲಿ ಭಾರತಕ್ಕೆ ದಕ್ಕಿದ್ದು ಅದೊಂದೇ ಪದಕ. ಸ್ಪರ್ಧೆಯ ವರ್ಗ ತಿಳಿಸಲು ಅವರ ಕಾಲಿನ ಊನದ ವಿಷಯ ಬರೆಯುವುದು ಸರಿ. 'ಪಾಪ, ಆದರೂ ಗೆದ್ದರು' ಎಂದು ಬರೆಯಬೇಕಿಲ್ಲ.